ಅಳಿಯನ ಸೆರಗು

ಮೊಳಕಾಲ್ಮುರಿನಿಂದ ಚಳ್ಳಕೆರೆಗೆ ಬರುವ ಬಸ್ಸು ಎಷ್ಟೇ ತುಂಬಿರಲಿ, ನಮ್ಮ ಸೋದರತ್ತೆಯ ಪಕ್ಕದ ಸೀಟು ಮಾತ್ರ ಖಾಲಿ ಇರುತ್ತದೆ. ಗೌರವಕ್ಕೆ ಬಿಟ್ಟಿರುತ್ತಾರೆ ಅಂದುಕೊಳ್ಳಬೇಡಿ! ಅತ್ತೆಯ ಪಕ್ಕ ಕೂತರೆ ನಿಮ್ಮ ಮೊಬೈಲು ನಿಮ್ಮದಾಗಿ ಉಳಿಯುವುದಿಲ್ಲ, ಅದಕ್ಕೆ.

ಇದಕ್ಕೆಲ್ಲ ಕಾರಣ ನಾನೇ. ಅತ್ತೆ ರೇಷ್ಮೆ ಸೀರೆ ನೇಯುವವರು. ನಾನು ಚಳ್ಳಕೆರೆಯ ಎಣ್ಣೆ ಮಿಲ್ಲುಗಳಿಗೆ ಬಿಲ್ಲಿನ ಸಾಫ್ಟ್‌ವೇರ್ ಮಾಡಿಕೊಟ್ಟು, ಅದು ಕೆಟ್ಟಾಗ ಫೋನ್ ಎತ್ತದೆ ಬದುಕುವವನು. ಅತ್ತೆಯ ಮಗ್ಗಕ್ಕೆ ಕೆಲಸ ಕಡಿಮೆಯಾಗಿತ್ತು. ಕೊಳ್ಳುವವರು ಸೀರೆಗೆ ಬೇಕಾದ ಬಣ್ಣ ಆರಿಸಿ ನೇರವಾಗಿ ಅವರಿಂದಲೇ ನೇಯಿಸಿಕೊಳ್ಳುವಂತೆ ಒಂದು ಆ್ಯಪ್ ಮಾಡಿ 'ಸೆರಗು' ಎಂದು ಹೆಸರಿಟ್ಟೆ. ಎಂಥ ಅಚ್ಚಗನ್ನಡದ ಹೆಸರು! ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮರುತಿಂಗಳೇ ಒಂದು ಸಿನಿಮಾ ಹಾಡು ಬಂತು. ಅದೂ ಸೆರಗೇ! ನಾಯಕಿಯ ಸೆರಗು ಹಾರುತ್ತದೆ, ನಾಯಕ ಹಿಂದೆ ಓಡುತ್ತಾನೆ, ಊರಿನ ಆಟೋಗಳೆಲ್ಲ ಅದನ್ನೇ ಹಾಡುತ್ತವೆ. 'ಸೆರಗು' ಎಂದು ಹುಡುಕಿದರೆ ಮೊದಲು ಆಕೆ, ಆಮೇಲೆ ನಿಧಾನಗತಿಯಲ್ಲಿ ಆಕೆ, ಆಮೇಲೆ ಆ ಹಾಡಿಗೆ ಕುಣಿದ ಯಾರದೋ ಮದುವೆಯ ಭಾವಮೈದುನರು. ನನ್ನ ಆ್ಯಪ್ ಎಲ್ಲಿ? ಬೆರಳು ಸವೆಯುವಷ್ಟು ಕೆಳಗೆ. ಒಮ್ಮೆಯಂತೂ ಮೊಬೈಲೇ ನನ್ನನ್ನು ಕೇಳಿತು: 'ನೀವು ಹುಡುಕುತ್ತಿರುವುದು ಸೊರಗು ಎಂದೇ?' ಅಲ್ಲ ಎನ್ನುವ ಧೈರ್ಯ ನನಗೂ ಬರಲಿಲ್ಲ.

ಜನ ಹೆಚ್ಚು ಹುಡುಕಿ ಒತ್ತಿದಷ್ಟೂ ಆ್ಯಪ್ ಮೇಲೆ ಬರುತ್ತದೆ ಎಂದು ಅತ್ತೆಯ ಮುಂದೆ ಬಾಯಿ ತಪ್ಪಿ ಹೇಳಿಬಿಟ್ಟೆ. ಅಂದಿನಿಂದ ಬಸ್ಸುಗಳಿಗೆ ನೆಮ್ಮದಿಯಿಲ್ಲ. ಮೊನ್ನೆ ಜೊತೆಯಲ್ಲಿ ನಾನೂ ಇದ್ದೆ.

"ಕಂಡಕ್ಟರಣ್ಣಾ, ನಿಮ್ ಮೊಬೈಲ್‌ನಾಗೆ ನಮ್ ಅಳಿಯನ ಸೆರಗು ಹುಡುಕ್ರಿ!"

"ಗಂಡಸಿಗೆ ಎಂಥ ಸೆರಗಮ್ಮಾ?"

ಬಸ್ಸಿಗೆ ಬಸ್ಸೇ ನಕ್ಕಿತು. ಅಷ್ಟರಲ್ಲಿ ಮೊಬೈಲಿನಿಂದ ಆ ಹಾಡು ಶುರು!

"ಅವಳನ್ನ ಬಿಡ್ರಿ, ಕೆಳಗೆ ಹೋಗ್ರಿ. ಇನ್ನೂ ಕೆಳಗೆ. ಅಗೋ, ಅದೇ, ಒತ್ರಿ!"

"ಅಳಿಯ ಯಾರಮ್ಮಾ?"

"ಇಗೋ, ಕಿಟಕಿ ಕಡೆ ಮುಖ ತಿರುಗಿಸ್ಕಂಡು ಕೂತಾನಲ್ಲ, ಇವನೇ!"

ನಾನು ಹೊರಗಿನ ಶೇಂಗಾ ಹೊಲಗಳನ್ನು ಕೃಷಿ ಅಧಿಕಾರಿಯ ಗಾಂಭೀರ್ಯದಿಂದ ಪರೀಕ್ಷಿಸುತ್ತಿದ್ದೆ.

ಚಳ್ಳಕೆರೆಯಲ್ಲಿ ಇಳಿದದ್ದೇ ಸಿಡುಕಿದೆ. "ಸಾಕು ಬಿಡು ಅತ್ತೆ, ಮಾನ ಹೋಯ್ತು. ಆ ಆ್ಯಪನ್ನೇ ಮುಚ್ಚಿಬಿಡ್ತೀನಿ. ಅಷ್ಟು ಕೆಳಗೆ ಹೋಗಿ ಯಾರು ಹುಡುಕ್ತಾರೆ?"

"ಏಮ್ರಾ ಅಲ್ಲುಡೂ," ಎಂದರು ಅತ್ತೆ. ಅಳಿಯನನ್ನು ತೆಲುಗಿನಲ್ಲಿ ಕರೆಯುವುದು ಪ್ರೀತಿ ಉಕ್ಕಿದಾಗ ಮಾತ್ರ. "ಸಣ್ಣವನಿದ್ದಾಗ ಇದೇ ಊರಿನ ಸಂತೇಲಿ ನನ್ ಸೆರಗು ಬಿಟ್ಟು ಕಳೆದುಹೋಗಿದ್ದೆ, ನೆನಪೈತಾ? ಮೊದಲನೇ ಅಂಗಡೀಲಿ ಸಿಗ್ಲಿಲ್ಲ ಅಂತ ನಿನ್ನ ಬಿಟ್ಟು ಬಸ್ ಹತ್ತಿದ್ನೇನು?"

ನೆನಪಿತ್ತು. ಸಂತೆಯ ಕಟ್ಟಕಡೆಯಲ್ಲಿ, ಈರುಳ್ಳಿ ರಾಶಿಯ ಹಿಂದೆ ಅಳುತ್ತ ಕೂತಿದ್ದೆ. ಅತ್ತೆ ಅಲ್ಲಿಗೂ ಬಂದು, ಬೈಯದೆ, ಅದೇ ಸೆರಗಿನಲ್ಲಿ ನನ್ನ ಮೂಗು ಒರೆಸಿದ್ದರು.

ಅಷ್ಟರಲ್ಲಿ ಆಟೋ ಬಂತು. ಅತ್ತೆ ಹತ್ತಿ ಕೂತು, ಡ್ರೈವರ್‌ನ ಮೊಬೈಲನ್ನೇ ನೋಡತೊಡಗಿದರು. ಈ ಸಲ ನಾನೇ ಮುಂದೆ ಬಾಗಿ ಕೇಳಿದೆ:

"ಅಣ್ಣಾ, ಅದರಾಗೆ ಸೆರಗು ಅಂತ ಹುಡುಕ್ತೀಯಾ? ನಮ್ಮತ್ತೇದು."