ಸಿ ಡ್ರೈವಿನಲ್ಲಿ ಏನೂ ಇಲ್ಲ

"ಗೊತ್ತಿಲ್ಲ" ಎಂದು ಹೇಳಲು ನನಗೆ ಬರುವುದಿಲ್ಲ. ಅರವತ್ತಾರನೇ ವಯಸ್ಸಿನಲ್ಲಿ ಇದನ್ನು ಒಪ್ಪಿಕೊಳ್ಳಬೇಕಾಗಿ ಬಂದಿದೆ, ಅದೂ ಒಂದು ಲ್ಯಾಪ್‌ಟಾಪಿನ ದೆಸೆಯಿಂದ. ಕಾನ್ವೆಂಟಿನಲ್ಲಿ ನಮಗೆ ಇಂಗ್ಲಿಷ್ ಕಲಿಸುತ್ತಿದ್ದ ಸಿಸ್ಟರ್ ಒಬ್ಬರು, ಗೊತ್ತಿಲ್ಲ ಅನ್ನಬಾರದು, ತಿಳಿದುಕೊಂಡು ಹೇಳುತ್ತೇನೆ ಅನ್ನಬೇಕು ಎನ್ನುತ್ತಿದ್ದರು. ಅದರಲ್ಲಿ ಮೊದಲನೆಯ ಅರ್ಧ ಮಾತ್ರ ನನ್ನ ತಲೆಯಲ್ಲಿ ಕೂತಿತು. ಅದರ ಬಲದ ಮೇಲೆಯೇ ಅರಸೀಕೆರೆಯಲ್ಲಿ ಮೂವತ್ತೈದು ವರ್ಷ ಇಂಗ್ಲಿಷ್ ಮಿಸ್ ಆಗಿ ಬಾಳಿದೆ. ಮಕ್ಕಳು ನನಗೇ ತಿಳಿಯದ ಪದದ ಅರ್ಥ ಕೇಳಿದರೆ, "ಡಿಕ್ಷನರಿ ನೋಡೋ ಅಭ್ಯಾಸ ಯಾವಾಗ ಮಾಡ್ಕೋತೀರಾ?" ಎಂದು ಗದರುತ್ತಿದ್ದೆ. ಮಕ್ಕಳು ಡಿಕ್ಷನರಿ ನೋಡಿ ಬಂದು ಹೇಳುತ್ತಿದ್ದವು. ಹಾಗೆ ನಾನೂ ಸಾಕಷ್ಟು ಇಂಗ್ಲಿಷ್ ಕಲಿತೆ.

ಲ್ಯಾಪ್‌ಟಾಪ್ ನನಗೆ ಅರವತ್ತು ತುಂಬಿದಾಗ ಹಳೆಯ ವಿದ್ಯಾರ್ಥಿನಿಯರು ಸೇರಿ ಕೊಟ್ಟ ಪ್ರೆಸೆಂಟ್. ಬರುವಾಗಲೇ ಅದು ಸೆಕೆಂಡ್ ಹ್ಯಾಂಡ್. ಈಗಂತೂ ನನ್ನ ಓರಗೆಯದೇ ಆಗಿಬಿಟ್ಟಿತ್ತು. ಬೆಳಿಗ್ಗೆ ಸ್ವಿಚ್ ಒತ್ತಿ, ಸ್ನಾನ ಮಾಡಿ, ದೇವರಿಗೆ ಹೂವಿಟ್ಟು, ಕಾಫಿ ಬೆರೆಸಿಕೊಂಡು ಬಂದರೂ ಇನ್ನೂ ಕಣ್ಣು ಬಿಡುತ್ತಿರುತ್ತಿತ್ತು. ಒಳಗಿನ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡುತ್ತಿತ್ತು. ಪೂರ್ ಥಿಂಗ್, ನನಗೂ ಮೆಟ್ಟಿಲು ಹತ್ತಿದರೆ ಅದೇ ಸದ್ದು ಬರುತ್ತದೆ ಎಂದು ಸುಮ್ಮನಿದ್ದೆ.

ಆದರೆ ಸುಮ್ಮನಿರುವ ಹಾಗಿಲ್ಲದ ಕೆಲಸ ಒಂದು ಬಂತು. ಆರು ವರ್ಷದ ಹಿಂದೆ ಹಳೇಬೀಡಿಗೆ ಹೋಗಿದ್ದಾಗ, ರಂಗಸ್ವಾಮಿ ಎಂಬ ಗೈಡ್ ಒಬ್ಬರು ವಿದೇಶಿ ದಂಪತಿಗೆ "ದಿಸ್ ಗಾಡ್ ಕಿಲ್ಲಿಂಗ್, ದಟ್ ಗಾಡ್ ಡ್ಯಾನ್ಸಿಂಗ್" ಎಂದು ಇಡೀ ಹೊಯ್ಸಳೇಶ್ವರನ ಗೋಡೆಯನ್ನು ಐದು ನಿಮಿಷದಲ್ಲಿ ಮುಗಿಸಿದ್ದನ್ನು ಕೇಳಿ ನನ್ನ ಹೊಟ್ಟೆ ಉರಿದಿತ್ತು. ಮನೆಗೆ ಬಂದವಳೇ ದೇವಸ್ಥಾನದ ವಿವರವನ್ನೆಲ್ಲ ಒಳ್ಳೆಯ ಇಂಗ್ಲಿಷಿನಲ್ಲಿ ಇಪ್ಪತ್ತೆರಡು ಪುಟ ಟೈಪ್ ಮಾಡಿ, ಪ್ರಿಂಟ್ ತೆಗೆಸಿ ಅವರಿಗೆ ಕೊಟ್ಟಿದ್ದೆ. ಪಾಪ, ಅವರು ಬಾಯಿಪಾಠ ಮಾಡಿದರು. ಈಗ ಅವರ ಮಗಳು ಸುನಂದಾ ಕೂಡ ಗೈಡ್ ಆಗಬೇಕೆಂದು ಅರ್ಜಿ ಹಾಕಿದ್ದಳು. ಸೋಮವಾರ ಇಂಟರ್‌ವ್ಯೂ. ಅಪ್ಪನ ಕಾಗದವನ್ನು ಗೆದ್ದಲು ತಿಂದಿತ್ತು. "ಮಿಸ್, ನಿಮ್ಮತ್ರ ಕಂಪ್ಯೂಟರ್‌ನಲ್ಲಿ ಐತಂತಲ್ಲ, ಇನ್ನೊಂದು ಕಾಪಿ ಕೊಡ್ತೀರಾ?" ಎಂದು ಸೋಮವಾರಕ್ಕೆ ಒಂಬತ್ತು ದಿನ ಇರುವಾಗ ಬಂದು ಕೇಳಿದಳು. ಕೊಡುತ್ತೇನೆ ಎಂದೆ. ಅದೇ ದಿನ ಲ್ಯಾಪ್‌ಟಾಪ್ ನೀಲಿ ಪರದೆ ತೋರಿಸಿ ಮುಷ್ಕರ ಹೂಡಿತು.

ಬಸ್ ಸ್ಟ್ಯಾಂಡಿನ ಹಿಂದೆ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ನಾಗರಾಜ ನನ್ನ ಹಳೆಯ ವಿದ್ಯಾರ್ಥಿ. ಈಗ ನಲವತ್ತು ದಾಟಿದೆ, ತಲೆ ನೆರೆತಿದೆ. ಆದರೂ ನನ್ನನ್ನು ಕಂಡರೆ ಎದ್ದು ನಿಂತು ಇಂಗ್ಲಿಷಿನಲ್ಲೇ ಮಾತಾಡುತ್ತಾನೆ. ಕನ್ನಡ ಆಡಿದವರಿಗೆ ಕ್ಲಾಸಿನಲ್ಲಿ ನಾಲ್ಕಾಣೆ ಫೈನ್ ಹಾಕುತ್ತಿದ್ದ ಪಾಪ ನನ್ನದೇ. ಅವನು ಲ್ಯಾಪ್‌ಟಾಪನ್ನು ತಿರುಗಿಸಿ ಮುರುಗಿಸಿ ನೋಡಿ, ಸಿ ಡ್ರೈವ್ ಅಳಿಸಿ ಓ.ಎಸ್. ಹೊಸದಾಗಿ ಹಾಕಬೇಕು ಎಂದ. ಆಮೇಲೆ ಸಿ.ಡಿ. ಕೈಯಲ್ಲಿ ಹಿಡಿದು ಕೇಳಿದ: "ಮಿಸ್, ಎನಿಥಿಂಗ್ ಇಂಪಾರ್ಟೆಂಟ್ ಇನ್ ಸಿ ಡ್ರೈವ್?"

ಸಿ ಡ್ರೈವ್ ಎಂದರೇನೆಂದು ನನಗೆ ಗೊತ್ತಿರಲಿಲ್ಲ. ನನ್ನ ಫೈಲು ಪರದೆಯ ಮೇಲೆ, ಎಡಮೂಲೆಯಲ್ಲಿ, ಕಣ್ಣೆದುರಿಗೇ ಇರುತ್ತಿತ್ತು. ಜಗಲಿಯ ಮೇಲೆ ಕೂತವರನ್ನು ಯಾರಾದರೂ ಒಳಕೋಣೆಯ ಲೆಕ್ಕಕ್ಕೆ ಸೇರಿಸುತ್ತಾರೆಯೇ? ಕೇಳಬಹುದಿತ್ತು. ಆದರೆ ಶಿಷ್ಯ ಇಂಗ್ಲಿಷಿನಲ್ಲಿ ಕೇಳಿದ ಪ್ರಶ್ನೆ ಮಿಸ್‌ಗೆ ಅರ್ಥವಾಗಲಿಲ್ಲ ಎಂದರೆ ಹೇಗೆ? ಕನ್ನಡಕ ಸರಿಮಾಡಿಕೊಂಡು, "ನಥಿಂಗ್ ವಾಟ್‌ಸೋಎವರ್, ನಾಗರಾಜ್" ಎಂದೆ. ಅವನು ಹೆದರಿಕೆಗೆ ಇಂಗ್ಲಿಷ್ ಆಡಿದ, ನಾನು ಜಂಬಕ್ಕೆ ಆಡಿದೆ. ಇಬ್ಬರಲ್ಲಿ ಒಬ್ಬರು ಕನ್ನಡದಲ್ಲಿ ಬಾಯಿ ಬಿಟ್ಟಿದ್ದರೂ ಫೈಲು ಉಳಿಯುತ್ತಿತ್ತು.

ಇನ್ನು ಮೂವತ್ತೊಂಬತ್ತು ನಿಮಿಷ ಎಂದು ಪರದೆ ಬಹಳ ಮರ್ಯಾದೆಯಿಂದ ತಿಳಿಸಿತು. ಆ ಮೂವತ್ತೊಂಬತ್ತು ನಿಮಿಷದಲ್ಲಿ ಅರಸೀಕೆರೆಯಿಂದ ಎರಡು ರೈಲು ಹೊರಟವು, ಒಮ್ಮೆ ಕರೆಂಟ್ ಹೋಗಿ ಬಂತು, ನಾಗರಾಜ ಮೂರು ಸಲ ಟೀ ತರಿಸಿದ. ಕೊನೆಗೆ ಲ್ಯಾಪ್‌ಟಾಪ್ ಹೊಸ ಮದುವಣಗಿತ್ತಿಯ ಹಾಗೆ ಎದ್ದು ಕೂತಿತು. ಎಷ್ಟು ಚುರುಕು, ಎಷ್ಟು ಶುಭ್ರ. ಎಡಮೂಲೆ ಕೂಡ ಶುಭ್ರ. ನನ್ನ ಫೈಲೆಲ್ಲಿ ಎಂದೆ. ನಾಗರಾಜನ ಮುಖ ಐದನೇ ಕ್ಲಾಸಿಗೆ ಇಳಿಯಿತು. "ಮಿಸ್, ಪರದೆ ಮೇಲಿರೋದೂ ಸಿ ಡ್ರೈವ್‌ನಲ್ಲೇ ಇರತ್ತೆ" ಎಂದ, ಮೊದಲ ಬಾರಿಗೆ ಕನ್ನಡದಲ್ಲಿ. ಏನೇನೋ ಹಾಕಿ ಎರಡು ದಿನ ಹುಡುಕಿದ. ಸಿಕ್ಕಿದ್ದು ಬರೀ ಪ್ರಶ್ನಾರ್ಥಕ ಚಿಹ್ನೆಗಳು.

ಇಪ್ಪತ್ತೆರಡು ಪುಟ ಮತ್ತೆ ಬರೆಯೋಣವೆಂದು ಕೂತರೆ, ಮೊದಲ ವಾಕ್ಯದಾಚೆ ನೆನಪಾಗಲಿಲ್ಲ. ಆಗ ಹೊಳೆಯಿತು, ಕಾಪಿ ಇನ್ನೊಂದಿದೆ, ರಂಗಸ್ವಾಮಿಯವರ ಬಾಯಲ್ಲಿ. ಮಾರನೆಯ ಬೆಳಿಗ್ಗೆಯೇ ನೋಟ್‌ಬುಕ್ ಹಿಡಿದು ಜಾವಗಲ್ ಮೇಲೆ ಹಳೇಬೀಡಿಗೆ ಹೋಗುವ ಬಸ್ಸು ಹತ್ತಿದೆ. ಅವರು ಯಾವುದೋ ಕಾಲೇಜು ತಂಡಕ್ಕೆ ವಿವರಿಸುತ್ತಿದ್ದರು. ನಾನೂ ಹಿಂದೆ ನಿಂತು ನನ್ನದೇ ವಾಕ್ಯಗಳನ್ನು ನಾನೇ ಡಿಕ್ಟೇಶನ್ ತೆಗೆದುಕೊಂಡೆ. ಆನೆಗಳ ಸಾಲು ಬಂತು. ಆ ಆನೆಗಳು ಸ್ಥಿರತೆಯ ಸಂಕೇತವೆಂದು ನಾನು ಅರ್ಧ ಪುಟ ಬರೆದಿದ್ದೆ. ರಂಗಸ್ವಾಮಿಯವರು ಅದನ್ನೆಲ್ಲ ಹಾರಿಸಿ, ಗೋಡೆ ಸವರಿ ಹೇಳಿದರು: "ಏಯ್ಟ್ ಹಂಡ್ರೆಡ್ ಇಯರ್ಸ್ ವಾಕಿಂಗ್, ಸರ್. ನಾಟ್ ರೀಚ್ಡ್. ನಾಟ್ ಕಂಪ್ಲೇನ್ಡ್."

ತಂಡ ಗೊಳ್ಳೆಂದು ನಕ್ಕು, ಆಮೇಲೆ ಯಾರೂ ಹೇಳದೆಯೇ ಬಗ್ಗಿ ಆನೆಗಳನ್ನು ಒಂದೊಂದಾಗಿ ನೋಡತೊಡಗಿತು. ನಾನೂ ನಕ್ಕೆ. ನಕ್ಕ ಮೇಲೆ ಅದರಲ್ಲಿ ಗ್ರಾಮರ್ ಇಲ್ಲವೆಂದು ನೆನಪಾಯಿತು. ಇಡೀ ಸುತ್ತು ಮುಗಿದಾಗ ನನ್ನ ಇಪ್ಪತ್ತೆರಡು ಪುಟ ಒಂಬತ್ತಾಗಿತ್ತು. ಉಳಿದದ್ದೇನಾಯಿತು ಎಂದು ಕೇಳಿದೆ. ಅವರು ಸಂಕೋಚದಿಂದ ಟವೆಲ್ಲನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡರು.

"ಬೇಜಾರ್ ಮಾಡ್ಕೋಬೇಡಿ ಮಿಸ್ಸೋರೆ. ಎಲ್ಲೆಲ್ಲಿ ಜನ ಆಕಳಿಸಿದ್ರೋ ಅಲ್ಲಲ್ಲಿ ಬುಟ್ಕಂಡ್ ಬಂದೆ."

ಮೂವತ್ತೈದು ವರ್ಷದಲ್ಲಿ ನನ್ನ ಕ್ಲಾಸಿನಲ್ಲಿ ಎಷ್ಟು ಜನ ಆಕಳಿಸಿರಬಹುದು ಎಂದು ಲೆಕ್ಕ ಹಾಕುತ್ತಾ ಬಸ್ಸಿನಲ್ಲಿ ಕೂತು ಬಂದೆ. ಆ ಒಂಬತ್ತು ಪುಟವನ್ನೇ ಟೈಪ್ ಮಾಡಿ ಸುನಂದಾಗೆ ಕೊಟ್ಟೆ. ಆನೆಯ ಮಾತನ್ನು ತಿದ್ದಲು ಎರಡು ಸಲ ಕೈ ಹೋಯಿತು. ತಿದ್ದಿದರೆ ಆನೆ ನಿಂತುಬಿಡುತ್ತಿತ್ತು; ಹಾಗೆಯೇ ಬಿಟ್ಟೆ.

ಬುಧವಾರ ಸುನಂದಾ ಎಳನೀರಿನ ಗೊನೆ ಹೊರಿಸಿಕೊಂಡು ಬಂದಳು. ಸೆಲೆಕ್ಟ್ ಆಗಿದ್ದಳು. ಇಂಟರ್‌ವ್ಯೂ ಮಾಡಿದ ದೊಡ್ಡ ಅಧಿಕಾರಿಯೊಬ್ಬರು ಆನೆಯ ಮಾತು ಕೇಳಿ ಪೆನ್ನು ಕೆಳಗಿಟ್ಟರಂತೆ, ಇಷ್ಟು ಸೊಗಸಾದ ಇಂಗ್ಲಿಷ್ ಯಾರು ಕಲಿಸಿದರಮ್ಮಾ ಎಂದು ಕೇಳಿದರಂತೆ.

"ನಮ್ಮ ಅರಸೀಕೆರೆ ಮಿಸ್ ಬರೆದುಕೊಟ್ಟಿದ್ದು ಸಾರ್ ಅಂದೆ" ಎಂದಳು ಹುಡುಗಿ, ಕಣ್ಣರಳಿಸಿ.

ಅದು ನನ್ನದಲ್ಲ, ನಿಮ್ಮಪ್ಪನದು ಎಂದು ಹೇಳಬೇಕಿತ್ತು. ಆಯುಷ್ಯವೆಲ್ಲ ಊರಿನ ತಪ್ಪು ತಿದ್ದಿದವಳು ನಾನು. ಎಳನೀರಿಗೆ ಸ್ಟ್ರಾ ಹಾಕಿಕೊಂಡು, "ಥ್ಯಾಂಕ್ ಯೂ, ಮೈ ಡಿಯರ್" ಎಂದೆ.