ಗೋದಲಿಯ ಮುಂದೆ ನಿಂತ ಕಾರು

ಮನುಷ್ಯನ ಯೋಗ್ಯತೆ ಗೊತ್ತಾಗುವುದು ಅವನು ಕಾರು ಓಡಿಸುವಾಗ ಅಲ್ಲ, ನಿಲ್ಲಿಸುವಾಗ ಎಂಬ ತೀರ್ಮಾನಕ್ಕೆ ನಾನು ಬಂದು ಬಹಳ ದಿನಗಳಾದವು. ಓಡಿಸುವುದರಲ್ಲಿ ಅರ್ಧ ಪಾಲು ರಸ್ತೆಯದು, ಕಾಲು ಪಾಲು ಎದುರಿಗೆ ಬರುವವನ ಜೀವಭಯದ್ದು; ಉಳಿದಿದ್ದನ್ನು ಎಂಥವನಾದರೂ ನಿಭಾಯಿಸಿಬಿಡುತ್ತಾನೆ. ಹಗಲು ರಾತ್ರಿ ಕಬ್ಬಿನ ಟ್ರ್ಯಾಕ್ಟರುಗಳು ತೂರಾಡಿಕೊಂಡು ಬರುವ ಇಂಡಿ ಊರಿನ ರಸ್ತೆಯಲ್ಲಿ ನಾನು ಕೂದಲು ಕೊಂಕದಂತೆ ಹೋಗಿ ಬಂದವನು. ಆದರೆ ಸ್ವಂತ ಮನೆಯೊಳಗೆ, ಎದುರಿಗೆ ಯಾವ ಟ್ರ್ಯಾಕ್ಟರೂ ಬರುವ ಸಂಭವವಿಲ್ಲದ ಜಾಗದಲ್ಲಿ, ನಿನ್ನೆ ನಿಲ್ಲಿಸಿದಲ್ಲೇ ಇವತ್ತೂ ಕಾರು ನಿಲ್ಲಿಸು ಅಂದರೆ ಅದು ನನ್ನಿಂದಾಗದ ಮಾತು. ನಿನ್ನೆ ಮೂತಿ ಎಡಕ್ಕೆ ತಿರುಗಿದ್ದರೆ ಇವತ್ತು ಬಲಕ್ಕೆ. ನಿನ್ನೆ ಹಿಂಭಾಗ ಹೊರಗುಳಿದು ಶಟರ್ ಮುಚ್ಚದಿದ್ದರೆ ಇವತ್ತು ಮುಂಭಾಗ ಗೋಡೆಯ ಜೊತೆ ಪಿಸುಮಾತಾಡುತ್ತಿರುತ್ತದೆ. ಸೂರ್ಯ ಚಂದ್ರರು ತಪ್ಪದೆ ತಮ್ಮ ತಮ್ಮ ಜಾಗಕ್ಕೆ ಬಂದು ನಿಲ್ಲುತ್ತಾರೆ ಎಂದು ಹೊಗಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಸೂರ್ಯ ಚಂದ್ರರಿಗೆ ಬಲಗಡೆ ಕಂಬಗಳಿಲ್ಲ.

ನನಗೆ ಇವೆ. ಸಿಂದಗಿಯಲ್ಲಿರುವ ನಮ್ಮ ಮನೆ ಅಜ್ಜನ ಕಾಲದ ಮಣ್ಣಿನ ಮನೆ. ಇಂಥ ಮನೆಗಳಲ್ಲಿ ಹೆಬ್ಬಾಗಿಲು ದಾಟಿದ ಕೂಡಲೇ ಸಿಗುವ ತಗ್ಗಿನ ಭಾಗ ದನಗಳದು, ಅದರಾಚೆ ಮೆಟ್ಟಿಲೇರಿದರೆ ಸಿಗುವ ಪಡಸಾಲೆ ಮನುಷ್ಯರದು. ಅಪ್ಪ ಇರುವ ತನಕ ತಗ್ಗಿನಲ್ಲಿ ಎತ್ತುಗಳಿದ್ದವು. ಅಪ್ಪ ಹೋದರು, ಹೊಲ ಲಾವಣಿಗೆ, ಅಂದರೆ ಗೇಣಿಗೆ, ಹೋಯಿತು, ಎತ್ತುಗಳು ಬೇರೆಯವರ ಮನೆಗೆ ಹೋದವು; ನಾನು ಹೆಬ್ಬಾಗಿಲು ಅಗಲ ಮಾಡಿಸಿ, ಶಟರ್ ಹಾಕಿಸಿ, ಆ ಜಾಗಕ್ಕೆ ಗ್ಯಾರೇಜು ಎಂದು ನಾಮಕರಣ ಮಾಡಿದೆ. ಕೊನೆಯಲ್ಲಿ ಮೇವು ಹಾಕುವ ಕಲ್ಲಿನ ಗೋದಲಿ ಮಾತ್ರ ಉಳಿಯಿತು. ಒಡೆಸಲು ಹೊರಟಾಗ ಅವ್ವ ಕೇಳಿದ್ದು ಒಂದೇ ಪ್ರಶ್ನೆ: “ದನ ಇಲ್ಲಂತ ಗೋದಲಿ ಒಡಸ್ತಿ. ನಾಳೆ ಪಾರ್ಟಿ ಬರೂದು ನಿಂತ್ರ ನಿನ್ನ ಕರಿ ಕೋಟ್ ಹರದು ಒರಸಾಕ ತಗೊಳ್ಳೇನು?” ನಾನು ವಕೀಲ, ಪಾರ್ಟಿ ಎಂದರೆ ನನ್ನ ಕಕ್ಷಿದಾರರು. ಉತ್ತರವಿಲ್ಲದ ಪ್ರಶ್ನೆಯನ್ನು ಗುರುತಿಸುವಷ್ಟು ಅನುಭವ ಇದೆ. ಗೋದಲಿ ಉಳಿಯಿತು.

ಹೀಗಾಗಿ ನನ್ನ ಗ್ಯಾರೇಜಿನ ಚತುಸ್ಸೀಮೆ ಇಂತಿದೆ: ಮುಂದೆ ಗೋದಲಿ, ಹಿಂದೆ ಶಟರ್, ಬಲಕ್ಕೆ ತೊಲೆ ಹೊತ್ತ ಕಂಬಗಳು, ಎಡಕ್ಕೆ ಪಡಸಾಲೆಯ ಮೆಟ್ಟಿಲಿನಿಂದ ಬೀದಿಯವರೆಗೆ ಹೋಗುವ ಕಿರಿದಾದ ಹಾದಿ. ಆ ಹಾದಿ ಅವ್ವನದು. ಬೇರೆಯವರಿಗೆ ಹಿತ್ತಲ ಬಾಗಿಲಿದೆ, ಆದರೆ ಅಲ್ಲಿನ ಎತ್ತರದ ಮೆಟ್ಟಿಲುಗಳನ್ನು ಅವ್ವ ಇಳಿಯಲಾರಳು. ಸಂಜೆ ಬಿಸಿಲು ತಗ್ಗಿದ ಮೇಲೆ ಕೋಲು ಹಿಡಿದು, ಒಂದು ಕೈ ಗೋಡೆಗಿಟ್ಟು, ಈ ಹಾದಿಯಲ್ಲಿ ಹೊರಗೆ ಬಂದು ಮನೆಯ ಮುಂದಿನ ಕಟ್ಟೆಯ ಮೇಲೆ ಕೂಡುತ್ತಾಳೆ. ಎದುರು ಮನೆಯ ಗುರುಬಾಯಿ ಬರುತ್ತಾಳೆ. ಓಣಿಯ ಸಕಲ ವ್ಯವಹಾರಗಳೂ ಅಲ್ಲಿ ವಿಚಾರಣೆಗೆ ಬಂದು, ನಮ್ಮ ಕೋರ್ಟಿನಲ್ಲಿ ಆಗುವುದಕ್ಕಿಂತ ಬೇಗ ತೀರ್ಪಾಗುತ್ತವೆ. ಅವ್ವನ ದಿನದಲ್ಲಿ ಉಳಿದ ಹೊತ್ತೆಲ್ಲ ಈ ಹೊತ್ತಿಗಾಗಿ ಕಾಯುವುದೇ. ನಾನು ಬಂದು ಶಟರ್ ಏರಿಸಿ ಕಾರು ಒಳಗೆ ತರುವ ಹೊತ್ತೂ ಹೆಚ್ಚುಕಡಿಮೆ ಅದೇ.

ಕಾರು ಕಂಬಗಳಿಗೆ ಒತ್ತಿ ನಿಂತರೆ ಅವ್ವನಿಗೆ ಹಾದಿ ಸಿಗುತ್ತದೆ, ಆದರೆ ನನ್ನ ಬಾಗಿಲು ತೆರೆಯುವುದಿಲ್ಲ. ಸ್ವಲ್ಪ ಎಡಕ್ಕೆ ಸರಿದು ನಿಂತರೆ ನಾನು ಮರ್ಯಾದೆಯಿಂದ ಇಳಿಯಬಹುದು. ಅವ್ವನ ಹಾದಿ ಬೆಕ್ಕು ಓಡಾಡುವಷ್ಟಾಗುತ್ತದೆ. ತೆಳ್ಳಗಿನ ವಕೀಲನಾಗಿದ್ದರೆ ಈ ಸಮಸ್ಯೆಯೇ ಹುಟ್ಟುತ್ತಿರಲಿಲ್ಲ. ಆದರೆ ಕಕ್ಷಿದಾರರು ಮದುವೆ, ಗೃಹಪ್ರವೇಶ, ತೊಟ್ಟಿಲು ಎಂದು ಕರೆದಲ್ಲೆಲ್ಲ ಹೋಗಿ ಹೋಳಿಗೆ ಉಂಡವನಿಗೆ ಬಾಗಿಲು ಸ್ವಲ್ಪ ಅಗಲವಾಗಿಯೇ ತೆರೆಯಬೇಕಾಗುತ್ತದೆ.

ಅಪ್ಪನ ಎತ್ತುಗಳ ಮಾತು ಬಂದರೆ ನನಗೆ ಈಗಲೂ ನಾಚಿಕೆ. ಹೊಲದಿಂದ ಬಂದು ಕೊರಳ ಹಗ್ಗ ಸಡಿಲಿಸಿದರೆ ಸಾಕು, ತಾವೇ ಒಳಗೆ ನಡೆದು, ಕಂಬ ತಾಗದೆ, ಹಾದಿ ಕಟ್ಟದೆ, ಗೋದಲಿಯ ಮುಂದೆ ತಮ್ಮ ತಮ್ಮ ಜಾಗದಲ್ಲಿ ನಿಲ್ಲುತ್ತಿದ್ದವು. ಹಿಂದೆ ಯಾರೂ ನಿಂತು “ಬರ್ರಿ, ಬರ್ರಿ” ಎನ್ನಬೇಕಾಗಿರಲಿಲ್ಲ. ನನ್ನ ಹಿಂದೆ ಹೆಂಡತಿ ಗಿರಿಜಾ ಕೆಲವು ದಿನ ನಿಂತಳು. ಅವಳ ಪದ್ಧತಿ ಹೀಗೆ: ಗೋದಲಿಗೆ ಬಡಿಯುವ ತನಕ “ಬರ್ರಿ, ಬರ್ರಿ” ಎಂದು, ಬಡಿದ ಮೇಲೆ ಶಾಂತವಾಗಿ “ಸಾಕ್ರಿ” ಎನ್ನುವುದು. ಸಲಹೆಯಲ್ಲಿ ಲೋಪವಿಲ್ಲ, ಕ್ರಮದಲ್ಲಿ ಮಾತ್ರ ಸ್ವಲ್ಪ ಹಿಂದುಮುಂದು ಎಂದು ನಾನು ಗೌರವದಿಂದ ನಿವೇದಿಸಿಕೊಂಡೆ. ಮರುದಿನದಿಂದ ಅವಳು ನಿಲ್ಲಲಿಲ್ಲ.

ಆಮೇಲೆ ವಕೀಲ ಮಿತ್ರರೊಬ್ಬರು ಒಂದು ಉಪಾಯ ಹೇಳಿದರು. ತೊಲೆಯಿಂದ ದಾರ ಕಟ್ಟಿ ಚೆಂಡು ಇಳಿಬಿಡಬೇಕು. ಚೆಂಡು ಮುಂದಿನ ಗಾಜಿಗೆ ತಾಗಿದ ಕ್ಷಣ ಬ್ರೇಕು ಹಾಕಬೇಕು. ನಾನು ಅಳೆದು ಸುರಿದು ಒಂದು ರಬ್ಬರ್ ಚೆಂಡು ಕಟ್ಟಿದೆ. ಕೆಲವು ದಿನ ನನ್ನ ಜೀವನ ವೈಜ್ಞಾನಿಕವಾಗಿ ನಡೆಯಿತು. ಅಷ್ಟರಲ್ಲಿ ಅಮಾವಾಸ್ಯೆ ಬಂತು. ಕಾರಿನ ಮುಂದೆ ದಾರ ಜೋತಾಡುತ್ತಿದೆ, ಅದರ ತುದಿಯಲ್ಲಿ ನಿಂಬೆಹಣ್ಣು ಮೆಣಸಿನಕಾಯಿ ಇರುವ ಬದಲು ಮಕ್ಕಳ ಚೆಂಡು ಇದೆ. ಇದು ಗಂಡನ ತಿಳಿಗೇಡಿತನ ಎಂದು ಗಿರಿಜಾ ಬಗೆದದ್ದರಲ್ಲಿ ತಪ್ಪೇನಿಲ್ಲ. ಚೆಂಡು ಬಿಚ್ಚಿ ನಿಂಬೆಹಣ್ಣು ಕಟ್ಟಿದಳು. ಕಸ ಹೊಡೆಯುವಾಗ ತಲೆಗೆ ಬಡಿಯುತ್ತದೆಂದು ದಾರವನ್ನೂ ಗಿಡ್ಡ ಮಾಡಿದಳು. ಆ ಸಂಜೆ ನಾನು ಗಾಜಿಗೆ ನಿಂಬೆಹಣ್ಣು ತಾಗುವುದನ್ನೇ ಕಾಯುತ್ತ ಮುಂದೆ ಮುಂದೆ ಹೋದೆ. ಅದು ನನ್ನ ತಲೆಯ ಮೇಲಿನಿಂದ, ಗ್ರಹವೊಂದು ದಾಟಿದಂತೆ, ಗಂಭೀರವಾಗಿ ದಾಟಿ ಹೋಯಿತು. ಗೋದಲಿಯ ಸದ್ದಾಯಿತು. ಒಳಗಿನಿಂದ ಅವ್ವ ಕೇಳಿದಳು: “ಮೇವು ಬೇಡಾಕತ್ತೈತೇನೋ ನಿನ್ನ ಗಾಡಿ?”

ಇದೇ ದಿನಗಳಲ್ಲಿ ಅವ್ವ ಕಟ್ಟೆಗೆ ಹೋಗುವುದು ಕಡಿಮೆಯಾಯಿತು. ಕೇಳಿದರೆ ಮೊಣಕಾಲು ನೋವು ಎನ್ನುತ್ತಿದ್ದಳು. ಪಡಸಾಲೆಯಲ್ಲೇ ಕೂತು, ಬೀದಿಯಲ್ಲಿ ಗುರುಬಾಯಿಯ ನಗು ಕೇಳಿಸಿದಾಗೊಮ್ಮೆ ಆ ಕಡೆ ಮುಖ ತಿರುಗಿಸಿ, ಮತ್ತೆ ಅವರೆಕಾಯಿ ಸುಲಿಯುತ್ತಿದ್ದಳು. ನಾನು ಡಾಕ್ಟರಿಗೆ ತೋರಿಸಿದೆ. ವಯಸ್ಸಿನ ಮಟ್ಟಿಗೆ ಮೊಣಕಾಲು ಚೆನ್ನಾಗಿಯೇ ಇವೆ ಎಂದರು. ಅವರ ವಿದ್ಯೆಯ ಮೇಲೆ ಸಂಶಯಪಟ್ಟು ಇನ್ನೊಬ್ಬರಿಗೆ ತೋರಿಸಿದೆ. ಮುಲಾಮು ತಂದೆ. ಮಗನ ಕರ್ತವ್ಯದಲ್ಲಿ ಏನೂ ಕಡಿಮೆ ಮಾಡಲಿಲ್ಲ ಎಂಬ ತೃಪ್ತಿಯೂ, ನಿಜ ಹೇಳಬೇಕೆಂದರೆ, ನನಗೆ ಇತ್ತು.

ಒಂದು ಭಾನುವಾರ ದೇವಣಗಾಂವದಿಂದ ಸಾಯಬಣ್ಣ ಎಂಬ ರೈತ ಬಂದ. ಹೊಲಕ್ಕೆ ಹೋಗುವ ಅವನ ಹಾದಿಯಲ್ಲಿ ಪಕ್ಕದ ಹೊಲದವನು ಮೇವಿನ ಬಣವಿ ಒಟ್ಟಿದ್ದನಂತೆ. ನಮ್ಮ ಸೀಮೆಯಲ್ಲಿ ಹೊಲದ ತಕರಾರಿಗಿಂತ ಹೊಲದ ಹಾದಿಯ ತಕರಾರೇ ಹೆಚ್ಚು, ಮತ್ತು ಹಾದಿಯ ದಾವೆ ಎಂದರೆ ನಾನೇ ಎಂಬ ಹೆಸರು, ನಾನೇ ಹೇಳಿಕೊಳ್ಳಬಾರದು, ತಾಲ್ಲೂಕಿನಲ್ಲಿ ಸ್ವಲ್ಪ ಇದೆ. ಪಡಸಾಲೆಯಲ್ಲಿ ಅವನನ್ನು ಕೂಡಿಸಿಕೊಂಡು, ಎದುರಿಗೆ ನ್ಯಾಯಾಧೀಶರೇ ಇದ್ದಾರೇನೋ ಎನ್ನುವಂತೆ ದನಿ ಏರಿಸಿದೆ: “ಅಜ್ಜ ಮುತ್ಯಾನ ಕಾಲದಿಂದ ಅಡ್ಡಾಡಿದ ಹಾದಿ ಯಾರೂ ಕಟ್ಟಾಕ ಬರೂದಿಲ್ಲ. ಬಣವಿ ಸಣ್ಣದು, ಮಗ್ಗಲಾಗ ಜಾಗ ಬಿಟ್ಟೇನಿ ಅಂದ್ರೂ ನಡಿಯೂದಿಲ್ಲ. ನಡಿಯಾವ್ರಿಗೆ ತ್ರಾಸ ಆತಂದ್ರ ಹಾದಿ ಕಟ್ಟಿದಂಗ.”

ಸಾಯಬಣ್ಣ ಕೈ ಮುಗಿಯುವುದರಲ್ಲಿದ್ದ. ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅವ್ವ ತಲೆ ಎತ್ತಿದಳು.

“ತಮ್ಮಾ, ಹಂಗಾರ ನಂದೂ ಒಂದು ಕೇಸ್ ಐತಿ. ತಗೋತಿಯೇನು?”

ನಾನು ನಕ್ಕೆ. ಅವ್ವ ನಗಲಿಲ್ಲ. ಕೋಲಿನಿಂದ ತಗ್ಗಿನ ಕಡೆ ತೋರಿಸಿದಳು. ಸಾಯಬಣ್ಣ ಎದ್ದು ಮೆಟ್ಟಿಲಿನ ತನಕ ಹೋಗಿ ಇಣುಕಿದ. ಅಲ್ಲಿ ನನ್ನ ಕಾರು, ಹಿಂದಿನ ದಿನ ಒಂದು ಗೃಹಪ್ರವೇಶದ ಊಟ ಮುಗಿಸಿ ಬಂದು ನಿಲ್ಲಿಸಿದ್ದು, ಮೂತಿ ಎಡಗೋಡೆಗೆ ಆನಿಸಿ ಅಡ್ಡಡ್ಡ ಮಲಗಿತ್ತು. ಅವನು ಬಹಳ ಹೊತ್ತು ನೋಡಿದ. ಸ್ಥಳ ಪರಿಶೀಲನೆಗೆ ಬಂದ ಕೋರ್ಟ್ ಕಮಿಷನರೂ ಅಷ್ಟು ಹೊತ್ತು ನೋಡುವುದಿಲ್ಲ.

“ಯವ್ವಾ, ಕೇಸ್ ಯಾರ ಮ್ಯಾಲ ಹಾಕ್ತೀರಿ?”

“ಇವನ ಮ್ಯಾಲ.”

“ವಕೀಲ್ರು ಯಾರಂತ?”

“ಇವನೇ. ಮತ್ಯಾರು ಪುಕ್ಕಟ ಬರ್ತಾರ?”

ಸಾಯಬಣ್ಣ ಬಂದು ಕೂತ. ಟೊಪ್ಪಿಗೆ ತೆಗೆದು, ಮತ್ತೆ ಹಾಕಿಕೊಂಡು, ಮೆಲ್ಲಗೆ ಕೇಳಿದ: “ಸಾಹೇಬ್ರ, ನಮ್ಮ ಕೇಸಾದ್ರೂ ನಿಂದರ್ತೈತಲ್ರಿ?”

ಅವನನ್ನು ಕಳಿಸಿ ಒಳಗೆ ಬಂದಾಗ ಗಿರಿಜಾ ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಅವ್ವ ಇಂಥ ಮಾತು ಪರರ ಮುಂದೆ ಆಡಬಾರದಿತ್ತು ಎಂದು ಗೊಣಗಿದೆ. ಅವಳು ಬಡಿಯುವುದನ್ನು ನಿಲ್ಲಿಸದೆ ಹೇಳಿದಳು: “ಅತ್ತಿಯವ್ರ ಮೊಣಕಾಲು ಯಾವ ಯಾವ ದಿನ ನೋಯ್ತಾವ, ಲಕ್ಷ್ಯ ಕೊಟ್ಟು ನೋಡೀರೇನು? ನೀವು ಗಾಡಿ ನೆಟ್ಟಗ ಹಚ್ಚಿದ ದಿನ ನೋಯೂದಿಲ್ಲ. ಡೊಂಕ ಹಚ್ಚಿದ ದಿನ ನೋಯ್ತಾವ.”

ನನಗೆ ಮುಲಾಮಿನ ಡಬ್ಬಿಗಳು ನೆನಪಾದವು. ಪಡಸಾಲೆಗೆ ಹೋಗಿ ಅವ್ವನ ಪಕ್ಕ ಕೂತು, ಒಂದು ಮಾತು ಹೇಳಿದ್ದರೆ ಕಾರು ಸರಿಸುತ್ತಿರಲಿಲ್ಲವೇ ಎಂದು ಕೇಳಿದೆ. ದನಿ ದಾವೆಯ ದನಿಯಾಗಿರಲಿಲ್ಲ.

“ನೊಗ ಇಳಿಸಿದ ಮ್ಯಾಲ ಎತ್ತನ್ನ ಸೈತ ನಿಮ್ಮಪ್ಪ ಮತ್ತ ಹೂಡ್ತಿದ್ದಿಲ್ಲ,” ಎಂದಳು ಅವ್ವ. “ದಿನಾ ಬಾಯಿ ನೋಯೂತನ ಒದರಿ ಬಂದಿರ್ತಿ. ಮತ್ತ ಎದ್ದು ಗಾಡಿ ತೆಗಿ ಅಂತ ನಿನಗ ಹೆಂಗ ಅನ್ನಲಿ?”

ಮರುದಿನ ಸಂಜೆ ಶಟರ್ ಏರಿಸಿದರೆ ಎದುರಿಗೆ ಅವ್ವ ನಿಂತಿದ್ದಳು. ಹಾದಿಯ ನಡುವೆ, ಗೋಡೆಗೆ ಬೆನ್ನು ಕೊಟ್ಟು, ಮುಂದೆ ಕೋಲು ಊರಿ. “ನಾ ಇಲ್ಲೇ ನಿಂದರ್ತೇನಿ. ನನ್ನ ಬಿಟ್ಟು ಹಚ್ಚು,” ಎಂದಳು. ಹೆತ್ತ ತಾಯಿಯನ್ನು ಎಡಕ್ಕೂ ವಂಶದ ಕಂಬಗಳನ್ನು ಬಲಕ್ಕೂ ಇಟ್ಟುಕೊಂಡು ಕಾರು ಒಯ್ಯುವ ಅನುಭವವನ್ನು ನಾನು ವೈರಿಗೂ ಬಯಸುವುದಿಲ್ಲ. ಬೆವರು ಹರಿಯಿತು. ಆದರೆ ಕಾರು, ಆಶ್ಚರ್ಯ, ಕಂಬಗಳ ಮಗ್ಗುಲಿಗೆ ನೆಟ್ಟಗೆ ಹೋಗಿ, ಗೋದಲಿಗೆ ತಾಗದೆ ನಿಂತಿತು. ಭಯದಷ್ಟು ಖಚಿತವಾದ ಅಳತೆಗೋಲು ಇನ್ನೊಂದಿಲ್ಲ. ಉಳಿದದ್ದು ನಾನು ಇಳಿಯುವ ಪ್ರಶ್ನೆ. ಬಲಬಾಗಿಲು ಕಂಬಕ್ಕೆ ತಾಗಿ ತೆರೆಯಲಿಲ್ಲ. ಕರಿ ಕೋಟು, ಬಿಳಿ ಪಟ್ಟಿ, ಹೋಳಿಗೆಯಿಂದ ಸಂಪಾದಿಸಿದ ಹೊಟ್ಟೆ ಇವುಗಳ ಸಮೇತ ನಾನು ಗೇರಿನ ಕೋಲು ದಾಟಿ, ಪಕ್ಕದ ಸೀಟಿನ ಮೇಲೆ ಅಂಗಾತ ಬಿದ್ದು, ಎಡಬಾಗಿಲಿನಿಂದ ಕಾಲು ಮುಂದಾಗಿ ಈ ಲೋಕಕ್ಕೆ ಬಂದೆ. ಅವ್ವ ತದೇಕಚಿತ್ತದಿಂದ ನೋಡುತ್ತಿದ್ದಳು. “ಹುಟ್ಟೂಮುಂದನೂ ನೀ ಹಿಂಗ ಬಂದಿದ್ದಿ,” ಎಂದು, ಕೋಲು ಊರುತ್ತ ಕಟ್ಟೆಗೆ ಹೋದಳು. ಹೊರಗೆ ಗುರುಬಾಯಿಯ ನಗು ಕೇಳಿಸಿತು.

ಅಂದಿನಿಂದ ಅದೇ ಕ್ರಮವಾಯಿತು. ದಿನವೂ ಅವ್ವ ನಿಂತಳು, ದಿನವೂ ನಾನು ನೆಟ್ಟಗೆ ನಿಲ್ಲಿಸಿದೆ, ದಿನವೂ ಒಮ್ಮೆ ಹುಟ್ಟಿದೆ. ಮೊಣಕಾಲಿನ ನೋವು ಯಾವ ಮುಲಾಮೂ ಇಲ್ಲದೆ ವಾಸಿಯಾಯಿತು.

ಅಷ್ಟರಲ್ಲಿ ಒಂದು ಸಂಜೆ, ನಾನು ಕಾರು ನಿಲ್ಲಿಸಿದ ಮೇಲೆ, ಅಗರಖೇಡದಿಂದ ಚಿಕ್ಕವ್ವನ ಮಗ ಬಂದು, ಕೆಲವು ದಿನ ಇರಲಿ ಎಂದು ಅವ್ವನನ್ನು ಕರೆದುಕೊಂಡು ಹೋದ. ಹೊರಡುವಾಗ ಅವ್ವ ಹೇಳಿದ್ದು ಇಷ್ಟೇ: “ನಾ ಇಲ್ಲಂತ ಡೊಂಕ ಹಚ್ಚಬ್ಯಾಡ.” ಮರುದಿನ ಬೆಳಿಗ್ಗೆ ಶಟರ್ ಏರಿಸಿ ನೋಡಿದೆ. ಹಿಂದಿನ ಸಂಜೆ ಅವ್ವನ ಎದುರು ನಿಲ್ಲಿಸಿದ ಕಾರು ಗೆರೆ ಎಳೆದಂತೆ ನಿಂತಿತ್ತು. ಇದನ್ನು ಹೊರಗೆ ತೆಗೆದರೆ ಸಂಜೆ ತರಬೇಕು. ತಂದರೆ, ಹಾದಿಯಲ್ಲಿ ಯಾರೂ ಇಲ್ಲ. ಶಟರ್ ಇಳಿಸಿದೆ. ಕೋರ್ಟಿಗೆ ನಡೆದು ಹೋದೆ. ಕೇಳಿದವರಿಗೆ ಡಾಕ್ಟರು ನಡೆಯಲು ಹೇಳಿದ್ದಾರೆ ಎಂದೆ. ಅವ್ವ ಬರುವ ತನಕ ದಿನವೂ ನಡೆದೆ.

ಅವ್ವ ಮರಳಿದ ಸಂಜೆ ನಾನು ಮೆಟ್ಟಿಲ ಮೇಲೆ ಕೈ ಕಟ್ಟಿ ನಿಂತಿದ್ದೆ. ಅವಳು ಬೀದಿಯಿಂದ ಒಳಗೆ ಬಂದು, ಹಾದಿಯ ಉದ್ದಕ್ಕೂ ಕೋಲು ಅಡ್ಡ ಹಿಡಿದು ನಡೆದಳು. ಎಲ್ಲಿಯೂ ತಾಗಲಿಲ್ಲ. ಮುಖ ಅರಳಿತು. ನನ್ನ ಎದೆ ಉಬ್ಬಿತು. ಆಗ ಅವಳು, ಎತ್ತಿನ ಮೈ ಸವರುವವಳಂತೆ, ಕಾರಿನ ಮೂತಿಯ ಮೇಲೆ ಕೈ ಇಟ್ಟಳು. ಕೈ ಎತ್ತಿ ನೋಡಿಕೊಂಡಳು. ಕೆಂಪಗೆ ದಪ್ಪನೆಯ ಧೂಳು. ಧೂಳಿನ ಮೇಲೆ ಬೆಕ್ಕಿನ ಹೆಜ್ಜೆಗಳು, ಗಾಜಿನ ತನಕ ಏರಿ, ಅಲ್ಲೇ ಮಲಗಿದ ಗುರುತು.

“ಎತ್ತಿನ ಮೈಗೂ ಧೂಳ ಹತ್ತತಿತ್ತು,” ಎಂದಳು ಅವ್ವ, ಕೈ ಒರೆಸಿಕೊಳ್ಳುತ್ತ. “ಖರೆ, ಅದು ದುಡದು ಬಂದ ಧೂಳ.”

ತಿರುಗಿ ಕಟ್ಟೆಗೆ ಹೋದಳು. ಗುರುಬಾಯಿ ಬಂದಳು, ಊರಿನ ಸುದ್ದಿ ಕೇಳಿದಳು. ಆಮೇಲೆ ಅವ್ವನ ದನಿ ಓಣಿಗೆಲ್ಲ ಕೇಳುವಂತೆ ಬಂತು: “ನಮ್ಮ ಹುಡುಗ ಈಗ ಗಾಡಿ ಭಾಳ ಚಲೋ ಹಚ್ತಾನವಾ. ನಾ ಇಲ್ಲದಾಗ ಸೈತ ಒಂದ ದಿನ ಡೊಂಕ ಹಚ್ಚಿಲ್ಲ ನೋಡು.”

ಹೇಳಿಕೆಯಲ್ಲಿ ಸುಳ್ಳಿನ ಒಂದಕ್ಷರವೂ ಇರಲಿಲ್ಲ. ಸಾಕ್ಷಿ ವಯೋವೃದ್ಧೆ, ನಂಬಿಗಸ್ಥೆ, ಸ್ಥಳವನ್ನು ಕಣ್ಣಾರೆ ಕಂಡವಳು. ನಾನು ಪಡಸಾಲೆಯ ಕತ್ತಲಲ್ಲಿ ನಿಂತು, ನಡೆದು ನಡೆದು ನಿಜವಾಗಿಯೇ ನೋಯುತ್ತಿದ್ದ ನನ್ನ ಮೊಣಕಾಲಿಗೆ ಅವ್ವನ ಮುಲಾಮು ಹಚ್ಚಿಕೊಳ್ಳುತ್ತ, ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸದೆ ಬಿಡುವಾಗ ಕೋರ್ಟಿನಲ್ಲಿ ಹೇಳುವಂತೆಯೇ ಮನಸ್ಸಿನಲ್ಲಿ ಹೇಳಿಕೊಂಡೆ: ಪಾಟೀ ಸವಾಲು ಇಲ್ಲ.