ಸುರಿಯುವ ನಲ್ಲಿ, ಹೊತ್ತ ಕೊಡ

ದಾರಿ

ಬಸರೀಕಟ್ಟೆ ದಾಟಿದ ಮೇಲೆ ನಮ್ಮ ಜೀಪು ದಾರಿ ತಪ್ಪಿತು. ನೀರಿನ ಯೋಜನೆ ಅಂತ ನೇಪಾಳ, ಕೀನ್ಯಾ ಸುತ್ತಿದವಳು ನಾನು. ಇಂಥದ್ದು ನನಗೆ ಎಲ್ಲಿ ಹೋದರೂ ತಪ್ಪಿದ್ದಲ್ಲ. ಆದರೆ ಬೇರೆ ಕಡೆ ದಾರಿ ಕೇಳಿದರೆ ಕೈ ತೋರಿಸುತ್ತಾರೆ. ಇಲ್ಲಿ ಮೊದಲು ವಿಚಾರಣೆ.

ಸೊಪ್ಪಿನ ಹೊರೆ ಹೊತ್ತು ಬರುತ್ತಿದ್ದ ಒಬ್ಬರನ್ನು ಕೇಳಿದೆ, "ಹೊಸ ನೀರಿನ ಟ್ಯಾಂಕಿಗೆ ಹೇಗೆ ಹೋಗೋದು?"

"ಯಾರ ಮನೆಗೆ?"

"ಮನೆಗಲ್ಲ, ಟ್ಯಾಂಕಿಗೆ."

"ಅಲ್ಲಿ ಯಾರೂ ಇಲ್ವಲ್ಲ ಮಾರಾಯ್ರೆ. ಹೋಗಿ ಯಾರ ಹತ್ರ ಮಾತಾಡ್ತೀರಿ?"

"ಅದರ ನಕ್ಷೆ ಹಾಕಿದ ಇಂಜಿನಿಯರ್ ನಾನು."

ಅವರು ಹೊರೆ ಇಳಿಸಿ ನನ್ನನ್ನೇ ನೋಡಿದರು. "ನಕ್ಷೆ ಹಾಕಿದೋರಿಗೇ ದಾರಿ ಗೊತ್ತಿಲ್ಲ. ಇನ್ನು ನೀರಿಗೆ ಹ್ಯಾಗೆ ಗೊತ್ತಾಗ್ಬೇಕು?"

ಮುಚ್ಚೋದು ಯಾಕೆ?

ಮಾತು ಸುಳ್ಳಲ್ಲ. ಗುಡ್ಡದ ಮೇಲಿನ ಕೊನೆಯ ಮನೆಯ ಅಜ್ಜಿಯ ನಲ್ಲಿಗೆ ಹನಿ ನೀರೂ ಏರಿರಲಿಲ್ಲ. ಮರುದಿನ ಸಾಲ ಕೊಡುವ ವಿದೇಶಿ ಬ್ಯಾಂಕಿನ ಅಧಿಕಾರಿ ಬರುವವರು. ಅವರು ಒಪ್ಪಿದರೆ ಶೃಂಗೇರಿ, ನರಸಿಂಹರಾಜಪುರದ ಹಳ್ಳಿಗಳಿಗೂ ಯೋಜನೆ. ಇಲ್ಲದಿದ್ದರೆ ಇಲ್ಲಿಗೇ ಮಂಗಳ.

ಕೆಳಗಿನ ಮನೆಗಳಲ್ಲಿ ನೋಡಿದರೆ ನಲ್ಲಿಗಳೆಲ್ಲ ಧಾರಾಳವಾಗಿ ಸುರಿಯುತ್ತಿವೆ. ಕೆಳಗೆ ಹೀಗೆ ಹರಿದರೆ ಮೇಲಿನ ಮನೆಗೆ ನೀರು ಏರುವುದೆಲ್ಲಿ?

"ಯಜಮಾನ್ರೇ, ನಲ್ಲಿ ಮುಚ್ಚಿ."

"ಯಾಕೆ? ಗುಡ್ಡದಿಂದ ಬೀಳೋ ಅಬ್ಬಿ ನೀರು ನಮ್ಮಜ್ಜನ ಕಾಲದಿಂದ ಹರೀತಾ ಇದೆ. ಯಾರಾದ್ರೂ ಮುಚ್ಚಿದಾರಾ?"

ಪಕ್ಕದ ಮನೆಯ ಪೈಪಿಗೆ ನಲ್ಲಿಯೇ ಇರಲಿಲ್ಲ. ಒಳಗಿಂದ ಮನೆಯೊಡತಿ ಅದನ್ನು ತಂದು ತೋರಿಸಿದರು, ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ. "ಹಿತ್ತಾಳೇದು ಮೇಡಮ್, ಮಳೇಗೆ ಕಪ್ಪಾಗ್ತದೆ. ನಾಳೆ ಬ್ಯಾಂಕಿನೋರು ಬಂದಾಗ ಹಾಕ್ತೀವಿ."

ಹಂಡೆ

ಮನೆ ಮನೆಗೂ ಹೋಗಿ, ನಾಳೆ ಒಂದು ದಿನ ನಲ್ಲಿ ಮುಚ್ಚಿಡಿ ಅಂತ ಕೈಮುಗಿದೆ. ಎಲ್ಲರೂ ಆಯ್ತೆಂದು ತಲೆಯಾಡಿಸಿದರು. ಆ ಧೈರ್ಯದಲ್ಲಿ ಅಜ್ಜಿಗೆ ಮಾತು ಕೊಟ್ಟೆ: "ನಾಳೆ ನೀರು ಬರದಿದ್ರೆ ನಾನೇ ಹೊತ್ತು ನಿಮ್ಮ ಬಚ್ಚಲ ಹಂಡೆ ತುಂಬಿಸ್ತೀನಿ."

"ಹಂಡೆ ದೊಡ್ಡದಿದೆ. ಒಂದ್ಸಲ ನೋಡ್ಕಂಡು ಹೇಳು ಮಾರಾಯ್ತಿ."

ಮರುದಿನ ಬೆಳಿಗ್ಗೆ ಅಜ್ಜಿಯ ನಲ್ಲಿ ಬರೀ ಗಾಳಿ ಊದಿತು. ಕೆಳಗೆ ಓಡಿದೆ. ಊರಿಗೆ ಊರೇ ನಲ್ಲಿ ಪೂರ್ತಿ ತಿರುಗಿಸಿ, ಒಗೆದ ಪಂಚೆ ಉಟ್ಟು ಸಾಲಾಗಿ ನಿಂತಿತ್ತು.

"ಪಾಪ, ಅಷ್ಟು ದೂರದಿಂದ ನೀರು ನೋಡಕ್ಕೆ ಬರ್ತಾರೆ," ಅಂದರು ಯಜಮಾನರು. "ಮುಚ್ಚಿದ ನಲ್ಲಿ ತೋರ್ಸಿದ್ರೆ ಮರ್ಯಾದೆ ಇರ್ತದಾ?"

ಕೊಟ್ಟ ಮಾತು. ಕೊಡ ಸೊಂಟಕ್ಕಿಟ್ಟು ಗುಡ್ಡ ಹತ್ತಿದೆ. ಅರ್ಧ ದಾರಿಯಲ್ಲಿ ಅಧಿಕಾರಿ ಎದುರಾದರು. ಇಮೇಲಿನಲ್ಲಷ್ಟೇ ನನ್ನನ್ನು ಬಲ್ಲವರು. ಕೆಸರು ಸೀರೆ, ತುಳುಕುವ ಕೊಡ ನೋಡಿ ಫೋಟೋ ತೆಗೆದೇಬಿಟ್ಟರು.

ಜೊತೆಗಿದ್ದ ನಮ್ಮ ಆಫೀಸಿನವನು ನಗು ನುಂಗಿಕೊಂಡು ಕೇಳಿದ, "ಎಷ್ಟು ದೂರದಿಂದ ಬರ್ತಿದೀರಿ ಅಂತ ಕೇಳ್ತಿದಾರೆ."

"ಸಮುದ್ರ ದಾಟಿ ಬಂದೆ ಅನ್ನು."

"ತುಂಬಾ ದೂರದಿಂದಂತೆ," ಎಂದು ಅವನು ತರ್ಜುಮೆ ಮಾಡಿದ.

ಅಧಿಕಾರಿಯ ಕಣ್ಣು ಒದ್ದೆಯಾಯಿತು. ಇಂಥ ಹೆಂಗಸರಿಗಾಗಿಯಾದರೂ ಯೋಜನೆ ಮುಂದುವರಿಯಲೇಬೇಕು ಎಂದು ಅಲ್ಲೇ ಒಪ್ಪಿಬಿಟ್ಟರು.

ನಾನು ಕುಣಿಯುತ್ತ ಹೋಗಿ, ಕೊಡ ಹಂಡೆಗೆ ಸುರಿದು ಅಜ್ಜಿಗೆ ಹೇಳಿದೆ. ಅಜ್ಜಿ ಹಂಡೆಯೊಳಗೆ ಬಗ್ಗಿ ನೋಡಿದರು.

"ಸಂತೋಷ. ತಳ ಮುಳುಗಿದೆ, ಇನ್ನೊಂದು ಕೊಡ ತಾ."

ಹಂಡೆ ತುಂಬುವವರೆಗೂ ಹೊತ್ತೆ.